ಅಡಿಟಿಪ್ಪಣಿಯೋ, ಕಂಸದೊಳಗಿನ ಇಸವಿಯೋ? ಒಂದೇ ಅಧ್ಯಾಯಕ್ಕೆ ಮೂರು ಪದ್ಧತಿ

ಹಳಗನ್ನಡ ಕಾವ್ಯ, ಶಾಸನಗಳ ಮೇಲಿನ ನನ್ನ ಥೀಸಿಸ್‌ನ ಒಂದು ಅಧ್ಯಾಯವನ್ನು ಎಪಿಎ, ಎಂಎಲ್‌ಎ, ಶಿಕಾಗೋ ಅಡಿಟಿಪ್ಪಣಿ ಅನ್ನೋ, ಆಕರ ಸೂಚಿಸುವ ಮೂರೂ ಪದ್ಧತಿಗಳಲ್ಲಿ ಬರೆದು ನೋಡಿದೆ. ಬರಹ ಅದೇ, ಆಕರಗಳೂ ಅವೇ. ಇಂಥ ವಿಷಯಕ್ಕೆ ಅಡಿಟಿಪ್ಪಣಿಯೇ ಸರಿ ಅಂತ ಈಗ ಗಟ್ಟಿಯಾಗಿ ಅನ್ನಿಸಿದೆ.

ಮೊದಲು ಎಪಿಎ. ಇದರ ಬೇರು ಅಮೆರಿಕದ ಮನಶ್ಶಾಸ್ತ್ರಜ್ಞರು 1929ರಲ್ಲಿ ಪ್ರಕಟಿಸಿದ ಏಳು ಪುಟದ ಸೂಚನೆಗಳಲ್ಲಿದೆ. ಅವರಿಗೆ ಸಂಶೋಧನೆ ಎಷ್ಟು ಹೊಸದು ಅನ್ನೋದು ಮುಖ್ಯ. ಅದಕ್ಕೇ ಕಂಸದೊಳಗೆ ಲೇಖಕರ ಹೆಸರಿನ ಪಕ್ಕದಲ್ಲೇ ಇಸವಿ. ಇತ್ತೀಚಿನ ವಿಮರ್ಶೆಗಳನ್ನು ಚರ್ಚಿಸುವಾಗ ಇದು ನಿಜಕ್ಕೂ ಅನುಕೂಲ: ಯಾರು ಮೊದಲು ಹೇಳಿದರು, ಯಾರು ಆಮೇಲೆ ಉತ್ತರ ಕೊಟ್ಟರು ಅಂತ ತಕ್ಷಣ ಗೊತ್ತಾಗುತ್ತದೆ. ಪಂಪನ ಹತ್ತಿರ ಬಂದಾಗ ತೊಡಕು ಶುರು. ವಿಕ್ರಮಾರ್ಜುನ ವಿಜಯ 941ರ ಕಾವ್ಯ, ನನ್ನ ಕೈಯಲ್ಲಿರೋದು ಮೊನ್ನೆಮೊನ್ನೆಯ ಮುದ್ರಣ. ಎರಡೂ ಇಸವಿಗಳ ನಡುವೆ ಓರೆಗೆರೆ ಹಾಕಿ ಕೊಡಿ ಅನ್ನುತ್ತದೆ ನಿಯಮ. ಕೊಟ್ಟೆ. ಓದುವವರಿಗೆ ಬೇಕಾದದ್ದು ಇಸವಿ ಅಲ್ಲವಲ್ಲ! ಯಾವ ಆಶ್ವಾಸ (ಕಾವ್ಯದ ಅಧ್ಯಾಯ), ಎಷ್ಟನೇ ಪದ್ಯ ಅನ್ನೋದು. ಅದನ್ನೂ ಸೇರಿಸಿದರೆ ವಾಕ್ಯಕ್ಕಿಂತ ಕಂಸವೇ ಜಾಸ್ತಿ.

ಎಂಎಲ್‌ಎಯಲ್ಲಿ ಈ ಕಷ್ಟ ಕಡಿಮೆ. ಅದು ಸಾಹಿತ್ಯದವರ ಪದ್ಧತಿ, ವಾಕ್ಯದೊಳಗೆ ಇಸವಿ ಕೇಳುವುದಿಲ್ಲ. ಆಶ್ವಾಸಕ್ಕೆ ಒಂದು ಅಂಕಿ, ಪದ್ಯಕ್ಕೆ ಒಂದು ಅಂಕಿ ಸಾಕು. ಬರೀ ಕಾವ್ಯದ ಮೇಲೆ ಕೆಲಸ ಮಾಡುವವರು ಇದನ್ನೇ ಹಿಡಿಯಬಹುದು. ವಚನಗಳಿಗೆ ಮಾತ್ರ ಯಾವ ಸಂಪುಟ ಅಂತಲೂ ಹೇಳಬೇಕು, ಒಂದೊಂದು ಸಂಪಾದನೆಯಲ್ಲಿ ಒಂದೊಂದು ಸಂಖ್ಯೆ ಇರುತ್ತದೆ.

ಶಾಸನಗಳು ಬಂದಾಗ ಎರಡೂ ಕೈಕೊಟ್ಟವು. ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಪುಟಗಳ ಮಾಲೆಯ ಎರಡನೇ ಸಂಪುಟ (ಚಿಕ್ಕದಾಗಿ ‘ಎ.ಕ. 2’), ಅಂದರೆ ಶ್ರವಣಬೆಳಗೊಳದ್ದನ್ನೇ ತೆಗೆದುಕೊಳ್ಳಿ. ಬಿ.ಎಲ್. ರೈಸ್ ಅದನ್ನು 1889ರಲ್ಲಿ ತಂದಾಗ ಅದರಲ್ಲಿದ್ದದ್ದು 144 ಶಾಸನ. ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ 500 ಆಯಿತು, ಸಂಖ್ಯೆಗಳೂ ಬದಲಾದವು. ಮೈಸೂರು ವಿಶ್ವವಿದ್ಯಾನಿಲಯ 1973ರಲ್ಲಿ ಮತ್ತೆ ತಂದಿತು. ಸುಮ್ನೆ ‘ಎ.ಕ. 2’ ಅಂತ ಬರೆದು ಒಂದು ಸಂಖ್ಯೆ ಹಾಕಿದರೆ ಓದುವವರು ಯಾವುದನ್ನು ತೆರೆಯಬೇಕು? ಶಿಕಾಗೋ ಪದ್ಧತಿಯ ಅಡಿಟಿಪ್ಪಣಿಯಲ್ಲಿ ಸಂಪುಟ, ಆವೃತ್ತಿ, ಊರು, ಶಾಸನ ಸಂಖ್ಯೆ, ಸಾಲು ಎಲ್ಲಕ್ಕೂ ಜಾಗವಿದೆ. ‘ರೈಸ್ ಆವೃತ್ತಿಯಲ್ಲಿ ಇದರ ಸಂಖ್ಯೆ ಇಂಥದ್ದು’ ಅಂತ ಒಂದು ಮಾತೂ ಸೇರಿಸಬಹುದು. ಶಾಸನವನ್ನು ಓದಿಕೊಂಡ ರೀತಿಯ ಬಗ್ಗೆ ಅನುಮಾನವಿದ್ದರೆ ಅದನ್ನೂ ಅಲ್ಲೇ ಬರೆಯಬಹುದು. ಮೇಲಿನ ವಾದ ತನ್ನ ಪಾಡಿಗೆ ಸಾಗುತ್ತದೆ. ಮುಂದಿನ ಸಂಶೋಧಕರೊಬ್ಬರು ನನ್ನ ಪುಟ ಹಿಡಿದು ನೇರವಾಗಿ ಆ ಕಲ್ಲಿನ ಸಾಲಿಗೆ ಹೋಗುವಂತಿರಬೇಕು ಅನ್ನೋದು ನನ್ನ ಆಸೆ.

ಅಡಿಟಿಪ್ಪಣಿಗೂ ಒಂದು ಕೊರತೆ ಇದೆ. ಹಿಂದಿನ ಟಿಪ್ಪಣಿಯ ಪುಸ್ತಕವೇ ಅನ್ನೋದಕ್ಕೆ ‘ಅದೇ, ಪು. 45’ ಅಂತ ಬರೆಯುವ ರೂಢಿ ನಮ್ಮಲ್ಲಿ ತುಂಬಾ ಹಳೆಯದು. ನಡುವೆ ಹೊಸ ಟಿಪ್ಪಣಿ ಸೇರಿದರೆ ಆ ‘ಅದೇ’ ಬೇರೆ ಪುಸ್ತಕವನ್ನು ತೋರಿಸುತ್ತದೆ. ಶಿಕಾಗೋದವರೂ ತಮ್ಮ ಕೈಪಿಡಿಯ 2017ರ ಆವೃತ್ತಿಯಿಂದ ಲೇಖಕರ ಹೆಸರು, ಚಿಕ್ಕ ಶೀರ್ಷಿಕೆ ಕೊಡುವುದೇ ಒಳ್ಳೆಯದು ಅನ್ನುತ್ತಿದ್ದಾರೆ. ನಾನೂ ಹಾಗೇ ಮಾಡುತ್ತೇನೆ.

ಮೂರರಲ್ಲೂ ಇರುವ ಕಷ್ಟ ಹೆಸರುಗಳದ್ದು: ಆಕರಗಳ ಪಟ್ಟಿಯಲ್ಲಿ ಮನೆತನದ ಹೆಸರನ್ನು ಮೊದಲು ಹಾಕಬೇಕು. ಬೇಂದ್ರೆ, ಕಾರಂತ ಮನೆತನದ ಹೆಸರುಗಳು. ಯು.ಆರ್. ಅನಂತಮೂರ್ತಿಯವರಲ್ಲಿ ಕೊನೆಗೆ ಬರೋದು ಅವರ ಸ್ವಂತ ಹೆಸರು. ಕುವೆಂಪು ಅವರನ್ನು ಒಂದು ಕಡೆ ಹಾಗೇ, ಇನ್ನೊಂದು ಕಡೆ ‘ಪುಟ್ಟಪ್ಪ, ಕೆ.ವಿ.’ ಅಂತ ಹಾಕಿದರೆ ಪಟ್ಟಿಯಲ್ಲಿ ಇಬ್ಬರಾಗುತ್ತಾರೆ, ಅಲ್ವಾ? ಆಕರಗಳ ಪಟ್ಟಿ ಮಾಡಿಕೊಡುವ ಝೊಟೆರೊ ತಂತ್ರಾಂಶದಲ್ಲಿ ಹೆಸರಿಗೆ ಎರಡು ಖಾನೆ ಬದಲು ಒಂದೇ ಖಾನೆ ಮಾಡುವ ಗುಂಡಿ ಇದೆ. ಕಾವ್ಯನಾಮಗಳನ್ನು ಅದರಲ್ಲಿ ಹಾಕಿದರೆ ಇದ್ದ ಹಾಗೇ ಅಚ್ಚಾಗುತ್ತವೆ. ಅದು ಉಚಿತ ಕೂಡ.

ನಿಮ್ಮ ವಿಭಾಗದಲ್ಲಿ ಎಪಿಎ ಕಡ್ಡಾಯ ಅಂದರೆ ಗೈಡ್ ಹತ್ತಿರ ಒಂದು ವಿಷಯಕ್ಕೆ ಒಪ್ಪಿಗೆ ಕೇಳಿ: ಶಾಸನ, ಹಳಗನ್ನಡ ಕಾವ್ಯಗಳಿಗೆ ಸಂಕ್ಷೇಪಗಳ ಪಟ್ಟಿಯನ್ನು ಥೀಸಿಸ್‌ನ ಮೊದಲಲ್ಲೇ ಕೊಡುವುದು. ಯಾವ ಸಂಕ್ಷೇಪ ಯಾವ ಆವೃತ್ತಿಗೆ ಅನ್ನೋದು ಅಲ್ಲೇ ಇರಲಿ. ಆಗ ಕಂಸದೊಳಗೆ ಸಂಕ್ಷೇಪ, ಸಂಖ್ಯೆ ಇದ್ದರೆ ಸಾಕು.