ಬ್ಲೂಟೂತ್ ತೂಕದ ಯಂತ್ರ: ಹದಿಮೂರು ಅಂಕಿಗಳಲ್ಲಿ ಒಂದನ್ನು ನಂಬಿ

ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ಮೇಲೆ ಗಾಜಿನ ಹಲಗೆ, ಒಳಗೆ ಬ್ಲೂಟೂತ್ ಇರುವ ತೂಕದ ಯಂತ್ರಗಳ ವಿಮರ್ಶೆ ಇದು. ಡಬ್ಬಿಯ ಮೇಲಿನ ಹೆಸರು ಬೇರೆ ಬೇರೆಯಾದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ತೂಕ ತೋರಿಸುವ ಕೆಲಸವನ್ನು ಇವು ಕೊಟ್ಟ ದುಡ್ಡಿಗೆ ಮೋಸವಿಲ್ಲದಂತೆ ಮಾಡುತ್ತವೆ. ಕೊಬ್ಬು, ಸ್ನಾಯು, ಮೂಳೆ, 'ದೇಹದ ವಯಸ್ಸು' ಎಂದು ಪಟ್ಟಿ ಮಾಡುವ ಉಳಿದ ಹನ್ನೆರಡು ಅಂಕಿಗಳನ್ನು ಪಕ್ಕಕ್ಕಿಟ್ಟರೆ ನಷ್ಟವೇನೂ ಇಲ್ಲ. ನಿಜವಾದ ತಕರಾರು ಜೊತೆಗೆ ಬರುವ ಆ್ಯಪ್‌ನ ಬಗ್ಗೆ. ತೆರೆದ ಕೂಡಲೇ ಅದು ಇವತ್ತಿನ ತೂಕವನ್ನು ದೊಡ್ಡಕ್ಷರದಲ್ಲಿ ತೋರಿಸುತ್ತದೆ, ನಿನ್ನೆಗಿಂತ 400 ಗ್ರಾಂ ಜಾಸ್ತಿಯಿದ್ದರೆ ಕೆಂಪು ಬಾಣವನ್ನೂ ಹಾಕುತ್ತದೆ. ಡಯಟ್ ಶುರು ಮಾಡಿ ಮೂರು ವಾರವಾದವರ ಉತ್ಸಾಹ ಇಳಿಸಲು ಆ ಒಂದು ಬಾಣ ಸಾಕು.

ಮೊದಲು ಯಂತ್ರದ ಗುಣ. ನಾಲ್ಕು ಮೂಲೆಯ ಕಾಲುಗಳಲ್ಲಿ ಒಂದೊಂದು ಲೋಡ್ ಸೆಲ್ ಇರುತ್ತದೆ. ಭಾರ ಬಿದ್ದಾಗ ಒಳಗಿನ ಲೋಹದ ತುಂಡು ಕೂದಲೆಳೆಯಷ್ಟು ಬಾಗಿ, ಅದಕ್ಕೆ ಅಂಟಿಸಿದ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ. ನಾಲ್ಕೂ ಕಡೆಯ ಬದಲಾವಣೆಯನ್ನು ಕೂಡಿಸಿ ತೂಕ ಲೆಕ್ಕ ಹಾಕುತ್ತದೆ. ಹಾಗಾಗಿ ನಾಲ್ಕು ಕಾಲೂ ಗಟ್ಟಿ ನೆಲದ ಮೇಲೆ ಸಮನಾಗಿ ಕೂರಬೇಕು. ಕಾರ್ಪೆಟ್, ರಬ್ಬರ್ ಮ್ಯಾಟ್, ಜಮಖಾನೆ ಆಗದು. ಒಂದು ಕಾಲು ಟೈಲ್‌ಗಳ ನಡುವಿನ ಸಂದಿಗೆ ಬಂದರೂ ಅರ್ಧ ಕಿಲೋದಷ್ಟು ಏರುಪೇರು ಕಾಣಬಹುದು. ಜಾಗ ಗೊತ್ತುಮಾಡಿ, ನೆಲದ ಮೇಲೆ ಪೆನ್ಸಿಲ್ ಗುರುತು ಹಾಕಿ, ಅಲ್ಲೇ ಬಿಡಿ. ಎತ್ತಿ ಬೇರೆಡೆ ಇಟ್ಟ ದಿನ ಒಮ್ಮೆ ಹತ್ತಿ ಇಳಿದು, 0.0 ಬಂದ ಮೇಲೆ ಮತ್ತೆ ಹತ್ತಬೇಕು; ಮೊದಲ ಅಂಕಿಯನ್ನು ಬರೆದುಕೊಳ್ಳಬಾರದು.

ಸರಿಯಿದೆಯೋ ಇಲ್ಲವೋ ನೋಡುವುದು ಸುಲಭ. ಒಮ್ಮೆ ಬರಿಗೈಯಲ್ಲಿ, ಇನ್ನೊಮ್ಮೆ ಒಡೆಯದ 5 ಕಿಲೋ ಹಿಟ್ಟಿನ ಚೀಲ ಹಿಡಿದು ನಿಲ್ಲಿ. ವ್ಯತ್ಯಾಸ 5.0 ಅಥವಾ 5.1 ಬಂದರೆ ಸಾಕು. ಆಸ್ಪತ್ರೆಯ ಯಂತ್ರಕ್ಕಿಂತ ಇದು 600 ಗ್ರಾಂ ಹೆಚ್ಚು ತೋರಿಸಿದರೂ ಚಿಂತೆಯಿಲ್ಲ, ದಿನವೂ ಅದೇ 600 ಹೆಚ್ಚು ತೋರಿಸುತ್ತಿದ್ದರೆ ಆಯಿತು. ಇಳಿಕೆ ಲೆಕ್ಕಕ್ಕೆ ಬೇಕಿರುವುದು ವ್ಯತ್ಯಾಸ ಮಾತ್ರ.

ಇಲ್ಲೊಂದು ಚಿಕ್ಕ ಮೋಸವನ್ನೂ ಹೇಳಬೇಕು. ಹಲವು ಡಿಜಿಟಲ್ ಯಂತ್ರಗಳು ಹಿಂದಿನ ಅಂಕಿಯನ್ನು ನೆನಪಿಟ್ಟುಕೊಂಡು, ಹೊಸ ತೂಕ ಅದಕ್ಕೆ ಇನ್ನೂರು ಮುನ್ನೂರು ಗ್ರಾಂ ಹತ್ತಿರವಿದ್ದರೆ ಹಳೆಯದನ್ನೇ ತೋರಿಸಿಬಿಡುತ್ತವೆ. ಎರಡು ಸಲ ಹತ್ತಿದರೂ ಒಂದೇ ತೂಕ ಬರಲಿ, ಗಿರಾಕಿ ಮೆಚ್ಚಲಿ ಎಂಬ ಜಾಣತನ! ನಿಧಾನವಾಗಿ ಇಳಿಯುತ್ತಿರುವವರಿಗೆ ಮಾತ್ರ ಇದು ಶುದ್ಧ ತೊಂದರೆ: ಇಳಿದ 200 ಗ್ರಾಂ ಕಾಣುವುದೇ ಇಲ್ಲ. ಪರೀಕ್ಷಿಸಲು, ಹತ್ತಿ ಇಳಿದು ಕೂಡಲೇ ಒಂದು ಲೋಟ ನೀರು ಹಿಡಿದು ಮತ್ತೆ ಹತ್ತಿ. ಅಂಕಿ ಅಲ್ಲಾಡದಿದ್ದರೆ ನಿಮ್ಮದು ಈ ಜಾತಿಯದು. ಹಾಗಿದ್ದರೆ ಪ್ರತಿದಿನ ಮೊದಲು ಆ 5 ಕಿಲೋ ಚೀಲದೊಂದಿಗೆ ಒಮ್ಮೆ ಹತ್ತಿ ಹಳೆಯ ನೆನಪು ಅಳಿಸಿ, ಆಮೇಲೆ ಬರಿಗೈಯಲ್ಲಿ ನಿಲ್ಲಿ. ಕೊಂಡು ವಾರ ಆಗಿರದಿದ್ದರೆ ವಾಪಸ್ ಕೊಡುವುದೇ ಮೇಲು.

ಕೊಬ್ಬಿನ ಶೇಕಡಾವಾರು ಹೇಗೆ ಬರುತ್ತದೆ? ಪಾದದಡಿಯ ಲೋಹದ ಪಟ್ಟಿಗಳಿಂದ, ನಮಗೆ ಗೊತ್ತೇ ಆಗದಷ್ಟು ಕ್ಷೀಣವಾದ ವಿದ್ಯುತ್ತನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹರಿಸುತ್ತದೆ. ಆ ದಾರಿಯ ರೋಧ ಅಳೆದು, ನೀವು ಕೊಟ್ಟ ಎತ್ತರ, ವಯಸ್ಸು, ಲಿಂಗಗಳನ್ನು ಸೂತ್ರಕ್ಕೆ ಹಾಕಿ ಅಂದಾಜು ಹೇಳುತ್ತದೆ. ವಿದ್ಯುತ್ತು ಹಾದುಹೋಗುವುದು ಬಹುಪಾಲು ಕಾಲುಗಳ ಮೂಲಕ. ನಮ್ಮವರ ಬೊಜ್ಜು ಸೇರುವುದು ಹೊಟ್ಟೆಯ ಸುತ್ತ, ಅಲ್ಲಿ ಏನಾಗುತ್ತಿದೆ ಎಂಬುದು ಈ ದಾರಿಗೆ ಸರಿಯಾಗಿ ಸಿಗುವುದೇ ಇಲ್ಲ. ಒಣಗಿ ಬಿರಿದ ಹಿಮ್ಮಡಿ, ಸ್ನಾನ ಮಾಡಿ ಬಂದ ಒದ್ದೆ ಪಾದ, ಆಗಷ್ಟೇ ಕುಡಿದ ನೀರು, ವಾಕಿಂಗ್‌ನ ಬೆವರು ಎಲ್ಲವೂ ಅಂಕಿಯನ್ನು ಅಲ್ಲಾಡಿಸುತ್ತವೆ. ನಂಬಿಕೆ ಬಾರದಿದ್ದರೆ ಆ್ಯಪ್‌ನಲ್ಲಿ ನಿಮ್ಮ ಎತ್ತರವನ್ನು 5 ಸೆಂಟಿಮೀಟರ್ ಹೆಚ್ಚಿಸಿ ಮತ್ತೆ ಹತ್ತಿ ನೋಡಿ, ಕೂತಲ್ಲೇ ಕೊಬ್ಬು ಕರಗಿರುತ್ತದೆ.

ಈ ಕೆಲಸಕ್ಕೆ ದರ್ಜಿಗಳು ಬಳಸುವ ಟೇಪೇ ವಾಸಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪ್ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಕೊನೆಗೆ, ಹೊಟ್ಟೆ ಎಳೆದುಕೊಳ್ಳದೆ ಓದಬೇಕು. ಹದಿನೈದು ದಿನಕ್ಕೊಮ್ಮೆ ಸಾಕು. ಭಾರತೀಯರಿಗೆ ವೈದ್ಯರು ಇಟ್ಟಿರುವ ಮಿತಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್. ತೂಕ ನಿಂತಂತೆ ಕಂಡ ತಿಂಗಳಲ್ಲೂ ಎಷ್ಟೋ ಸಲ ಸೊಂಟ ಇಳಿದಿರುತ್ತದೆ.

ಇನ್ನು ಆ ಕೆಂಪು ಬಾಣದ ವಿಷಯ. ಊಟ ಕಡಿಮೆ ಮಾಡಿದ ಮೊದಲ ವಾರ ಎರಡು ಕಿಲೋ ಇಳಿಯಿತು ಎಂದು ಮನೆಯವರೆಲ್ಲ ಹಿಗ್ಗುತ್ತಾರೆ. ಅದರಲ್ಲಿ ಹೆಚ್ಚಿನದು ನೀರು. ಯಕೃತ್ತು, ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಒಂದೊಂದು ಗ್ರಾಂಗೂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಸಕ್ಕರೆ ಕಡಿಮೆಯಾದಾಗ ಅದು ಖರ್ಚಾಗಿ ನೀರೂ ಹೊರಟುಹೋಗುತ್ತದೆ. ಎರಡನೇ ವಾರದಿಂದ ಕೊಬ್ಬಿನ ನಿಜವಾದ ಲೆಕ್ಕ ಶುರು. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 330 ಕ್ಯಾಲೊರಿ ಕಡಿಮೆ ತಿಂದರೆ ವಾರಕ್ಕೆ 300 ಗ್ರಾಂ ಇಳಿಯಬೇಕು. ಅದೇ ಹೊತ್ತಿಗೆ ಮದುವೆ ಊಟದ ಉಪ್ಪಿನಕಾಯಿ ಹಪ್ಪಳ, ಮಲಬದ್ಧತೆ, ಮುಟ್ಟಿನ ಮುಂಚಿನ ದಿನಗಳು, ಹೊಸದಾಗಿ ಮಾಡಿದ ಬಸ್ಕಿಯಿಂದ ನೊಂದ ಸ್ನಾಯು, ಇವುಗಳಲ್ಲಿ ಯಾವುದಾದರೂ ಸರಿ, ಕಿಲೋದಷ್ಟು ಭಾರವನ್ನು ಒಳಗೇ ನಿಲ್ಲಿಸಿಬಿಡಬಹುದು. 300 ಗ್ರಾಂ ಇಳಿಕೆ ಅದರಡಿ ಮುಚ್ಚಿಹೋಗುತ್ತದೆ.

ಒಂದು ಮಾದರಿ ಲೆಕ್ಕ ನೋಡಿ. ಸೋಮವಾರದಿಂದ ಭಾನುವಾರದವರೆಗೆ ತೂಕ 78.4, 78.9, 78.1, 79.0, 78.6, 78.2, 78.3. ಮುಂದಿನ ವಾರ 78.0, 78.7, 78.4, 77.9, 78.3, 77.8, 78.3. ಭಾನುವಾರ ಮಾತ್ರ ತೂಕ ನೋಡುವವರಿಗೆ ಎರಡೂ ವಾರ 78.3, ಅಂದರೆ ಸೊನ್ನೆ ಇಳಿಕೆ. ಏಳೂ ದಿನ ಕೂಡಿಸಿ ಏಳರಿಂದ ಭಾಗಿಸಿದರೆ ಮೊದಲ ವಾರದ ಸರಾಸರಿ 78.5, ಎರಡನೆಯದರದ್ದು 78.2. ಆಗಬೇಕಾದ 300 ಗ್ರಾಂ ಆಗಿದೆ. 'ದಿನಾ ನೋಡಬೇಡಿ, ವಾರಕ್ಕೊಮ್ಮೆ ನೋಡಿ' ಎಂಬ ಜಿಮ್ ಸಲಹೆಯನ್ನು ನಾವು ಒಪ್ಪುವುದಿಲ್ಲ: ದಿನಾ ತೂಗಬೇಕು, ದಿನದ ಅಂಕಿಗೆ ಬೆಲೆ ಕೊಡಬಾರದು. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಕಾಫಿಗೂ ಮುಂಚೆ, ಒಂದೇ ರೀತಿಯ ತೆಳು ಬಟ್ಟೆಯಲ್ಲಿ. ಹೆಂಗಸರು ಈ ವಾರವನ್ನು ಕಳೆದ ವಾರಕ್ಕೆ ಹೋಲಿಸುವುದಕ್ಕಿಂತ ಹಿಂದಿನ ತಿಂಗಳ ಮುಟ್ಟಿನ ಚಕ್ರದ ಅದೇ ವಾರಕ್ಕೆ ಹೋಲಿಸಿದರೆ ಚಿತ್ರ ಸ್ಪಷ್ಟ.

ಹಾಗಾಗಿ ಯಂತ್ರದ ಜೊತೆ ಬಂದ ಆ್ಯಪ್ ಬಿಟ್ಟು, ಸರಾಸರಿ ಗೆರೆ ಎಳೆಯುವ ಆ್ಯಪ್ ಹಾಕಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಲಿಬ್ರಾ, ಐಫೋನ್‌ನಲ್ಲಿ ಹ್ಯಾಪಿ ಸ್ಕೇಲ್ ಇದೇ ಕೆಲಸಕ್ಕೆ ಇವೆ. ಓಪನ್‌ಸ್ಕೇಲ್ ಎಂಬ ಉಚಿತ ಆಂಡ್ರಾಯ್ಡ್ ಆ್ಯಪ್ ಹಲವು ಕಂಪನಿಗಳ ಯಂತ್ರಗಳಿಂದ ನೇರವಾಗಿ ತೂಕ ಓದಿಕೊಳ್ಳುತ್ತದೆ. ಕೊಳ್ಳುವ ಮುಂಚೆ ನಿಮ್ಮ ಮಾದರಿ ಅದರ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ. ಮನೆಯಲ್ಲಿ ಇಬ್ಬರ ತೂಕ ಹತ್ತಿರ ಹತ್ತಿರವಿದ್ದರೆ ಆ್ಯಪ್ ಒಬ್ಬರದನ್ನು ಇನ್ನೊಬ್ಬರ ಖಾತೆಗೆ ಹಾಕುವುದುಂಟು. ಆಗ ಬ್ಲೂಟೂತ್ ಆರಿಸಿ ಕೈಯಿಂದ ಬರೆಯುವುದೇ ನೆಮ್ಮದಿ. ನಿಜ ಹೇಳಬೇಕೆಂದರೆ, ಕೈಯಿಂದ ಬರೆಯುವ ಅಭ್ಯಾಸವಿದ್ದವರಿಗೆ ಸಾವಿರಕ್ಕೂ ಕಡಿಮೆ ಬೆಲೆಯ, ಬ್ಲೂಟೂತ್ ಇಲ್ಲದ ಡಿಜಿಟಲ್ ಯಂತ್ರವೇ ಸಾಕು. 50 ಅಥವಾ 100 ಗ್ರಾಂ ಹೆಜ್ಜೆಯಲ್ಲಿ ತೋರಿಸಬೇಕು, ಅಷ್ಟೇ ಷರತ್ತು. ಮುಳ್ಳಿನ ಸ್ಪ್ರಿಂಗ್ ಯಂತ್ರ ಮಾತ್ರ ಬೇಡ. ವಾರಕ್ಕೆ 300 ಗ್ರಾಂ ಇಳಿಯುವವರಿಗೆ ಅದರ ಗೆರೆಗಳಲ್ಲಿ ಏನೂ ಕಾಣುವುದಿಲ್ಲ.

ಪೇಸ್‌ಮೇಕರ್ ಇರುವವರು ಪಾದಕ್ಕೆ ವಿದ್ಯುತ್ ಹರಿಸುವ ಯಂತ್ರ ಹತ್ತಬಾರದು. ಗರ್ಭಿಣಿಯರಿಗೂ ಬೇಡ ಎಂದು ಕೈಪಿಡಿಗಳೇ ಹೇಳುತ್ತವೆ. ದಿನಕ್ಕೆ ಐದಾರು ಸಲ ಹತ್ತಿ ನೋಡುವ, ಅಂಕಿ ಏರಿದರೆ ಊಟ ಬಿಡುವ ಸ್ವಭಾವದವರು ಯಾವ ಯಂತ್ರವನ್ನೂ ಮನೆಯಲ್ಲಿಡದೆ ಟೇಪ್ ಬಳಸಲಿ.

ನಾಲ್ಕು ವಾರದ ಸರಾಸರಿಯೂ ಅಲ್ಲಾಡದಿದ್ದರೆ ಯಂತ್ರವನ್ನು ದೂರಬೇಡಿ, ಅಡುಗೆಮನೆಗೆ ಹೋಗಿ. ಮೊದಲು ನೋಡಬೇಕಾದ್ದು ಎಣ್ಣೆ. ಒಂದು ಲೀಟರ್ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ನಾಲ್ವರ ಮನೆಯಲ್ಲಿ ಅದು ಹತ್ತು ದಿನ ಬಂದರೆ ತಲೆಗೆ ದಿನಕ್ಕೆ 23 ಗ್ರಾಂ, ಆರೇ ದಿನಕ್ಕೆ ಮುಗಿದರೆ 38. ನಡುವಿನ 15 ಗ್ರಾಂ ಎಂದರೆ 135 ಕ್ಯಾಲೊರಿ, ವಾರಕ್ಕೆ 120 ಗ್ರಾಂ ಕೊಬ್ಬಿನ ಲೆಕ್ಕ. ಒಗ್ಗರಣೆಗೆ ಬಾಟಲಿಯಿಂದ ನೇರ ಸುರಿಯುವುದನ್ನು ಬಿಟ್ಟು 5 ಮಿಲಿಯ ಚಮಚ ಹಿಡಿದರೆ ಇದಿಷ್ಟೂ ಉಳಿಯುತ್ತದೆ. ಆಮೇಲೆ ಕಾಫಿಯ ಸಕ್ಕರೆ, ಸಂಜೆಯ ಖಾರ, ಮಕ್ಕಳ ತಟ್ಟೆಯಲ್ಲಿ ಉಳಿದದ್ದು. ಇವೆಲ್ಲ ಸರಿಯಿದ್ದೂ ಗೆರೆ ಅಡ್ಡಡ್ಡವಾಗಿಯೇ ಹೋಗುತ್ತಿದ್ದು, ಜೊತೆಗೆ ಸುಸ್ತು, ಕೂದಲು ಉದುರುವಿಕೆ, ಚಳಿ ತಡೆಯಲಾಗದಿರುವುದು ಇದ್ದರೆ ವೈದ್ಯರನ್ನು ಕಂಡು ಥೈರಾಯ್ಡ್‌ಗೆ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಆ್ಯಪ್‌ನ ನಾಲ್ಕು ವಾರದ ಗೆರೆಯನ್ನೂ ಅವರಿಗೆ ತೋರಿಸಿ.