ಜುನಾ ಬಜಾರದ ಕಬ್ಬಿಣದ ಕೊಕ್ಕಿ: ಅಡಕಿ ಒಡ್ಯೂದಲ್ರೀ, ಸೈಕಲ್ಲಿಂದು

ಪುಣೆದಾಗ ಹಳೇ ಸಾಮಾನಿನ ಹುಚ್ಚ ಇದ್ದವ್ರಿಗೆ ಜುನಾ ಬಜಾರ ಬಗ್ಗೆ ಹೇಳೂದ ಬ್ಯಾಡ. ವಾರದಾಗ ಎರಡ ದಿನ, ಬುಧವಾರ ಮತ್ತ ರವಿವಾರ, 'ಮಂಗಳವಾರ ಪೇಟೆ' ಅನ್ನೂ ಏರಿಯಾ ಕಡೆ ತಾಡಪತ್ರಿ ಹಾಸಿ ಕುಂದರ್ತಾರಲ್ಲ, ಅಲ್ಲೇ ಪಾನಾ (ಸ್ಪ್ಯಾನರ್), ಇಕ್ಕಳ, ತುಕ್ಕ ಹಿಡಿದ ಬೀಗ ಮಾರೂ ಒಬ್ಬ ಕಾಕಾನ ಹತ್ರ ತಗೊಂಡ ಐಟಂದ ರಿವ್ಯೂ ಇದು. ಅಂಗಡಿಗೆ ಹೆಸರಿಲ್ಲ, ಬೋರ್ಡಿಲ್ಲ.

ಐಟಂ ಏನಂದ್ರ, ಅಂಗೈಯಾಗ ಹಿಡಿಯೂವಷ್ಟು ದಪ್ಪನ ಕಬ್ಬಿಣದ ಕೊಕ್ಕಿ, ಒಂದು ಕಡೆ ಗಟ್ಟಿ ಸ್ಕ್ರೂ, ಅದರ ಸರೀ ಎದುರಿಗೆ ಇನ್ನೊಂದು ಕಡೆ ಕಿರುಬೆರಳ ತುದಿ ಹೋಗೂವಂಥಾ ತೂತು. ಕಾಕಾನ್ನ ಕೇಳಿದ್ರ "ಸೈಕಲ್‌ಚಾ ಆಹೆ, ಜರ್ಮನ್" (ಸೈಕಲ್ಲಿಂದು, ಜರ್ಮನ್) ಅಂದ. ಅವನ ಕಡೆ ಎಲ್ಲಾನೂ ಜರ್ಮನ್ನೇ, ಅದನ್ನ ಬಿಡ್ರಿ. ಮನಿಯಾಗ ಅಡಕಿ ಒಡ್ಯೂದು ಅಂದ್ರು, ನಮ್ಮ ಓಣಿ ಪಂಕ್ಚರ್ ಹುಡುಗ ಚೈನ್ ಕಟರ್, ಅಂದ್ರ ಚೈನಿನ ಪಿನ್ ನೂಕಿ ಚೈನ್ ಬಿಚ್ಚೂದು, ಅಂದ.

ಚೈನ್ ಕಟರ್ ಆಗಾಕ ಸಾಧ್ಯ ಇಲ್ಲ, ಯಾಕಂದ್ರ ಚೈನಿನ ಪಿನ್ ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ ಅಷ್ಟ, ಈ ಸ್ಕ್ರೂದ ತುದಿ ಅದರ ಎರಡು ಪಟ್ಟಿಗಿಂತ ಜಾಸ್ತಿ ಅದ. ಬರೇ ಹಿಡಿಯೂ ಕ್ಲ್ಯಾಂಪ್ ಆಗಿದ್ರ ಎದುರಿಗೆ ತೂತು ಯಾಕ ಬೇಕು? ತೂತು ಅದ ಅಂದ್ರ ಸ್ಕ್ರೂ ಏನೋ ಒಂದನ್ನ ನೂಕತದ, ಅದು ಆ ತೂತಿನ್ಯಾಗ ಬಂದು ಬೀಳತದ. ಹಳೇ ದೊಡ್ಡ ಸೈಕಲ್ಲಿನಾಗ ಅಷ್ಟು ದಪ್ಪ ನೂಕಿ ತೆಗೀಬೇಕಾದ ಪಿನ್ ಒಂದೇ, ಪೆಡಲ್ ಕ್ರ್ಯಾಂಕಿನ (ಪೆಡಲ್ ಕೂಡಿಸೂ ದಂಡಿನ) ಕಾಟರ್ ಪಿನ್! ಅಂದ್ರ ಇದು ಕಾಟರ್ ಪಿನ್ ಪ್ರೆಸ್.

ಈಗಿನ ಹುಡುಗರಿಗೆ ಕಾಟರ್ ಪಿನ್ ಗೊತ್ತಿರಂಗಿಲ್ಲ. ಸ್ಟ್ರಾಂಗ್‌ಲೈಟ್ ಅನ್ನೂ ಫ್ರೆಂಚ್ ಕಂಪನಿ 1933ರಾಗೇ ಕಾಟರ್ ಇಲ್ಲದ ಕ್ರ್ಯಾಂಕ್ ತಂದಿತ್ತು, ಆದ್ರ ನಮ್ಮ ಹಾಲು-ಪೇಪರ್ ಸೈಕಲ್ಲಿಗೆ ಅದಾದಮ್ಯಾಗೂ ಎಷ್ಟೋ ವರ್ಷ ಈ ಪಿನ್ನೇ. ಒಂದು ಮಗ್ಗಲ ಇಳಿಜಾರಾಗಿ ಚಪ್ಪಟಿ ಮಾಡಿದ ಪಿನ್ ಅದು, ಆ ಚಪ್ಪಟಿ ಮಗ್ಗಲ ಆಕ್ಸೆಲ್ಲಿನ ಖಾಚಿಗೆ (ಕೊರೆದ ಜಾಗಕ್ಕ) ಬಿಗಿಯಾಗಿ ಕುಂತು ಕ್ರ್ಯಾಂಕ್ ಅಲ್ಲಾಡದಂಗ ಹಿಡೀತದ. ನಟ್ ಬಿಗಿ ಮಾಡಿ ಪಿನ್ ಎಳ್ಕೊಳೂದಲ್ಲ, ಹಂಗ ಮಾಡಿದ್ರ ಪಿನ್ನಿನ ಎಳಿ (ಥ್ರೆಡ್) ಹರೀತಾವ; ಮೊದಲು ಒತ್ತಿ ಕೂಡ್ರಸೂದು, ಆಮ್ಯಾಲ ನಟ್ ಬರೇ ಕಾಯಾಕ. ನಮ್ಮಲ್ಲಿ ಭಾಳ ಅಂಗಡ್ಯಾಗ ಈ ಪ್ರೆಸ್ ಇರಂಗಿಲ್ಲ, ಸುತ್ತಿಗಿ ತಗೊಂಡು ಢಣ್ ಢಣ್ ಅಂತ ಹೊಡೀತಾರ, ಪಿನ್ನಿನ ತುದಿ ಅಗಲಾಗಿ ಕುಂದರತದ, ಪೆಟ್ಟು ಆಕ್ಸೆಲ್ ದಾಟಿ ಬೇರಿಂಗ್ ಬಾಲ್ಸಿಗೆ ಹೋಗಿ, ಬಾಲ್ಸ್ ಕೂಡೂ ಕಪ್ಪಿನ್ಯಾಗ ಕುಳಿ ಬೀಳ್ತಾವ, ಆಮ್ಯಾಲ ಪೆಡಲ್ ತುಳಿದಾಗೊಮ್ಮೆ ಕಟಕಟ.

ನಮ್ಮಪ್ಪನ ಸೈಕಲ್ಲಿಗೆ ಹಾಕಿ ನೋಡ್ದೆ. ಹಿಂದಿನ ರಾತ್ರಿ ಎಣ್ಣಿ ಬಿಟ್ಟಿದ್ದೆ, ಮುಂಜಾನೆ ನಟ್ ವಾಶರ್ ಬಿಚ್ಚಿ, ಪಿನ್ನಿನ ತಲಿ ತೂತಿನ ಕಡೆ ಇಟ್ಟು, ಎಳಿ ಇರೂ ತುದಿಗೆ ಸ್ಕ್ರೂ ಕೊಟ್ಟು ಪಾನಾದಿಂದ ತಿರುವಿದ್ರ ಮೊದಲು ಏನೂ ಆಗ್ಲಿಲ್ಲ, ಇನ್ನೊಂದು ಸ್ವಲ್ಪ ಜೋರ್ ಕೊಟ್ಟ ಮ್ಯಾಲ ಟಕ್ ಅಂತ ಜಾರಿತು ನೋಡ್ರಿ, ಏನ್ ಸುಖ!

ಪ್ರೆಸ್ಸಿಗೆ ಐದರಾಗ ನಾಲ್ಕು ಸ್ಟಾರ್. ಸ್ಕ್ರೂದ ತುದಿ ಸ್ವಲ್ಪ ಸವದದ, ಅದಕ್ಕ ಒಂದು ಕಟ್. ಕಾಕಾಗ ಎರಡೇ, 800 ಹೇಳಿ 350ಕ್ಕ ಇಳಿದ, ಅಲ್ಲಿತನಕ ಬಾಯಿ ನೋವು ಬಂತು, ಮ್ಯಾಲ ಸುಟ್ಟಾ (ಚಿಲ್ಲರೆ) ಇಲ್ಲ ಅಂತ ಬಾಕಿ ರೊಕ್ಕ ಕೊಡಾಕ ಒಲ್ಲೆ ಅಂದ. ಗೇರಿನ ಹೊಸಾ ಸೈಕಲ್ ಇದ್ದವ್ರಿಗೆ ಇದರಿಂದ ಏನೂ ಉಪಯೋಗ ಇಲ್ಲ, ಶೋಕೇಸಿಗೆ ಇಡ್ಬೋದು ಅಷ್ಟ. ತಗೊಳ್ಳೋರು ಸ್ಕ್ರೂ ಪೂರ್ತಿ ತಿರುವಿ, ತುದಿ ತೂತಿನ ನಡುವಿಗೇ ಬರ್ತದೋ ಇಲ್ಲೋ ನೋಡ್ರಿ, ಮಗ್ಗಲಕ್ಕ ಹೋದ್ರ ಕೊಕ್ಕಿ ಬಾಗೇದ ಅಂತರ್ಥ. ಹೊಸಾ ಪಿನ್ ತರಾಕ ಹೋಗೂವಾಗ ಹಳೇದನ್ನ ಒಯ್ಯಿರಿ, 9 ಎಂಎಂದು, 9.5 ಎಂಎಂದು ಎರಡೂ ಇರ್ತಾವ. ಎಡಬಲ ಪಿನ್ ಒಂದಕ್ಕೊಂದು ಉಲ್ಟಾ ದಿಕ್ಕಿಗೆ ಹಾಕ್ರಿ, ಇಲ್ಲಾಂದ್ರ ಪೆಡಲ್ ಎರಡೂ ಒಂದೇ ಸಾಲಿನ್ಯಾಗ ಬರಂಗಿಲ್ಲ.