ಬೇಲ, ಕರಬೂಜ, ಮಾವಿನಕಾಯಿ, ಮುರುಗಲು: ಬಿಸಿಲಿಗೆ ಯಾವುದು ವಾಸಿ?

ಬೇಸಿಗೆಯ ಪಾನಕ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡಲು ನಾನು ಇಟ್ಟುಕೊಂಡಿರುವ ಪರೀಕ್ಷೆ ಒಂದೇ. ಒಂದು ಲೋಟ ಕುಡಿದ ಅರ್ಧ ಗಂಟೆಯಲ್ಲಿ ಮತ್ತೆ ನೀರು ಬೇಕು ಅನ್ನಿಸಿತೋ, ಅದು ರುಚಿಗೆ ಕುಡಿಯುವ ಪಾನಕ. ಅನ್ನಿಸಲಿಲ್ಲವೋ, ಅದು ಬಾಯಾರಿಕೆಗೆ ಕುಡಿಯುವ ಪಾನಕ. ಬೇಲ, ಕರಬೂಜ, ಮಾವಿನಕಾಯಿ, ಮುರುಗಲು (ಕೋಕಂ) ನಾಲ್ಕನ್ನೂ ಮನೆಯಲ್ಲಿ ಮತ್ತೆ ಮತ್ತೆ ಮಾಡಿ, ಕುಡಿದು, ಮನೆಯವರಿಗೆ ಕುಡಿಸಿ ನೋಡಿದ ಮೇಲೆ ಈ ಹೋಲಿಕೆ ಬರೆಯುತ್ತಿದ್ದೇನೆ. ನಿಂಬೆಹಣ್ಣನ್ನು ಬಿಟ್ಟಿದ್ದೇನೆ. ಅದು ಎಲ್ಲರಿಗೂ ಗೊತ್ತಿರುವುದೇ.

ಬೇಲದಿಂದ ಶುರು ಮಾಡೋಣ. ರಾಮನವಮಿ ಹತ್ತಿರ ಬಂದಾಗ ಮಾರುಕಟ್ಟೆಗೆ ಬೇಲ ಬರುತ್ತದೆ. ಹಣ್ಣಾಗಿದೆಯೇ ಎಂದು ಹೊರಗಿನ ಬಣ್ಣದಿಂದ ಹೇಳಲಾಗದು. ಒಂದಡಿ ಎತ್ತರದಿಂದ ನೆಲಕ್ಕೆ ಬಿಡಬೇಕು. ಕಾಯಾಗಿದ್ದರೆ ಪುಟಿಯುತ್ತದೆ, ಹಣ್ಣಾಗಿದ್ದರೆ ಧಪ್ ಎಂದು ಅಲ್ಲೇ ಕೂರುತ್ತದೆ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗಿನ ತಿರುಳು ಓಡಿನಿಂದ ಬಿಟ್ಟುಕೊಂಡು ಕುಲುಕುವುದೂ ಕೇಳುತ್ತದೆ. ಒಡೆದ ತಕ್ಷಣ ಬರುವ ವಾಸನೆ ಇಡೀ ಅಡುಗೆಮನೆ ತುಂಬುತ್ತದೆ. ಕೆಲವರಿಗೆ ಅದು ಆಗಿಬರುವುದಿಲ್ಲ, ನನಗಂತೂ ಬೇಸಿಗೆ ಎಂದರೆ ಆ ವಾಸನೆಯೇ. ಒಳಗೆ ಎಲ್ಲಾದರೂ ಬೂಷ್ಟು ಕಂಡರೆ ಆ ಹಣ್ಣನ್ನು ಪೂರ್ತಿ ಎಸೆಯಬೇಕು, ಉಳಿದರ್ಧ ಬಳಸೋಣ ಅನ್ನುವ ಆಸೆ ಬೇಡ.

ಬೇಲವನ್ನು ಮಿಕ್ಸಿಗೆ ಹಾಕಬಾರದು. ತಿರುಳಿನ ತುಂಬ ಸಣ್ಣ ಬೀಜಗಳಿರುತ್ತವೆ, ಅವು ನುರಿದರೆ ಪಾನಕಕ್ಕೆ ಒಗರು ಬಂದು ನಾಲಿಗೆ ಮೇಲೆ ಉಳಿಯುತ್ತದೆ. ಒಂದು ಲೋಟ ನೀರಲ್ಲಿ ಹತ್ತು ನಿಮಿಷ ನೆನೆಸಿ, ಕೈಯಲ್ಲೇ ಚೆನ್ನಾಗಿ ಕಿವುಚಿ, ದೊಡ್ಡ ಕಣ್ಣಿನ ಜರಡಿಯಲ್ಲಿ ಸೋಸಿದರೆ ಸಾಕು. ಒಂದು ದೊಡ್ಡ ಹಣ್ಣಿಗೆ ನೂರು ಗ್ರಾಂ ಬೆಲ್ಲ, ಒಟ್ಟು ಒಂದು ಲೀಟರಿಗೆ ಬರುವಷ್ಟು ನೀರು, ಏಲಕ್ಕಿ, ಚಿಟಿಕೆ ಶುಂಠಿಪುಡಿ, ನಾಲ್ಕು ಕಾಳು ಮೆಣಸು ಕುಟ್ಟಿ ಹಾಕಿದ್ದು, ಚೂರು ಉಪ್ಪು. ರುಚಿಯ ಮಾತಾದರೆ ಇದರ ಮುಂದೆ ಉಳಿದ ಮೂರೂ ನಿಲ್ಲುವುದಿಲ್ಲ. ಆದರೆ ಬೇಲದ ಪಾನಕ ಮಂದ. ಒಂದು ಲೋಟಕ್ಕೇ ಹೊಟ್ಟೆ ತುಂಬುತ್ತದೆ, ಸ್ವಲ್ಪ ಹೊತ್ತಿಗೆ ಬಾಯಿ ನೀರು ಕೇಳುತ್ತದೆ. ಬೆಳಿಗ್ಗೆ ತಿಂಡಿ ಬಿಟ್ಟು ಉಪವಾಸ ಇದ್ದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಉರಿಬಿಸಿಲಲ್ಲಿ ನಡೆದು ಬಂದವರಿಗೆ ಕೊಡುವುದಕ್ಕೆ ಇದು ತಕ್ಕದ್ದಲ್ಲ.

ಕರಬೂಜದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಹಣ್ಣಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಚಮಚದಲ್ಲಿ ಕೆರೆದು ಬೆಲ್ಲದ ಪುಡಿ ಬೆರೆಸಿ ಅರ್ಧ ಗಂಟೆ ಮುಚ್ಚಿಟ್ಟರೆ ತಾನೇ ನೀರು ಬಿಡುತ್ತದೆ, ಮೇಲೆ ಒಂದೆರಡು ಲೋಟ ನೀರು ಸೇರಿಸಿದರೆ ಮುಗಿಯಿತು. ಮಕ್ಕಳು, ವಯಸ್ಸಾದವರು ಖುಷಿಯಾಗಿ ಕುಡಿಯುತ್ತಾರೆ. ತೊಂದರೆ ಬರುವುದು ಹಾಲು ಹಾಕಿದಾಗ. ಕರಬೂಜದಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವ ಇದೆ. ಹಾಲು ಬೆರೆಸಿ ಇಟ್ಟರೆ ಹೊತ್ತು ಕಳೆದಂತೆ ಕಹಿ ತಿರುಗುತ್ತದೆ. ಹಾಲಿನ ರುಚಿಯೇ ಬೇಕೆಂದರೆ ಬೆರೆಸಿದ ಕೂಡಲೇ ಕುಡಿದುಬಿಡಬೇಕು, ಇಲ್ಲವೇ ಕರಾವಳಿಯವರು ಇಬ್ಬುಡ್ಲು ಎಂಬ ಕರಬೂಜದ ಜಾತಿಯ ಹಣ್ಣಿಗೆ ಮಾಡುವಂತೆ ತೆಂಗಿನಹಾಲು ಹಾಕಬೇಕು. ಅದು ನಿಜಕ್ಕೂ ಸೊಗಸು. ಆದರೂ ಸಿಹಿ ಹಣ್ಣಿಗೆ ಸಿಹಿಯನ್ನೇ ಸೇರಿಸಿದ್ದರಿಂದ ನನ್ನ ಪರೀಕ್ಷೆಯಲ್ಲಿ ಇದು ನಾಲ್ಕರಲ್ಲಿ ಕೊನೆಗೆ ನಿಂತಿತು.

ಇಲ್ಲಿ ಸಕ್ಕರೆ ಉಪ್ಪಿನ ಲೆಕ್ಕ ಒಂದು ಹೇಳಲೇಬೇಕು. ವಾಂತಿಭೇದಿಯಾದಾಗ ಮನೆಯಲ್ಲಿ ಕಲಸಿಕೊಡುವ ನೀರಿಗೆ ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಓಆರ್‌ಎಸ್ ಪುಡಿಯಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು. ಸಣ್ಣಕರುಳು ಸಕ್ಕರೆ ಮತ್ತು ಸೋಡಿಯಂ ಎರಡನ್ನೂ ಜೊತೆಗೆ ಒಳಗೆಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರು ಹೋಗುತ್ತದೆ. ಅಂದರೆ ನೀರು ಮೈಗೆ ಹತ್ತಲು ಬೇಕಾದದ್ದು ಸ್ವಲ್ಪ ಸಿಹಿ, ಸ್ವಲ್ಪ ಉಪ್ಪು ಮಾತ್ರ. ನಾವು ಬೇಲಕ್ಕೆ ಹಾಕುವ ನೂರು ಗ್ರಾಂ ಬೆಲ್ಲ ಮನೆಯ ಆ ಅಳತೆಯ ಮೂರು ಪಟ್ಟಿಗೂ ಹೆಚ್ಚು. ಪಾನಕ ಯಾವುದೂ ಓಆರ್‌ಎಸ್‌ಗೆ ಬದಲಿಯಲ್ಲ, ಆದರೆ ಯಾವ ಪಾನಕ ಬಾಯಾರಿಕೆ ನೀಗಿಸುತ್ತದೆ ಅನ್ನುವುದಕ್ಕೆ ಈ ಲೆಕ್ಕ ದಾರಿ ತೋರಿಸುತ್ತದೆ. ಕಡಿಮೆ ಬೆಲ್ಲದಲ್ಲೂ ರುಚಿಯಾಗಿರಬಲ್ಲ ಹಣ್ಣು ಯಾವುದು? ಹುಳಿಯ ಹಣ್ಣು.

ಮಾವಿನಕಾಯಿಯನ್ನು ಎರಡು ರೀತಿಯಲ್ಲಿ ಮಾಡಿ ನೋಡಿದ್ದೇನೆ. ಉತ್ತರ ಭಾರತದವರ ಆಮ್ ಪನ್ನಾ ಮೊದಲನೆಯದು. ಕಾಯನ್ನು ಸಿಪ್ಪೆ ಸಮೇತ ಬೇಯಿಸಿ ಅಥವಾ ಕೆಂಡದಲ್ಲಿ ಸುಟ್ಟು, ತಿರುಳು ತೆಗೆದು, ಬೆಲ್ಲ, ಹುರಿದ ಜೀರಿಗೆ ಪುಡಿ, ಕಪ್ಪುಪ್ಪು, ಪುದೀನ ಹಾಕಿ ನೀರು ಬೆರೆಸುವುದು. ಸುಟ್ಟ ಕಾಯಿಯದಕ್ಕೆ ಹೊಗೆಯ ಪರಿಮಳ ಇರುತ್ತದೆ, ಬೇಯಿಸಿದ್ದಕ್ಕಿಂತ ಎಷ್ಟೋ ಮೇಲು. ಇದಕ್ಕೆ ಗಿಣಿಮೂತಿ ಮಾವು ಆಗದು. ಅದರ ಹುಳಿ ಸಾಲದು, ಬೆಂದ ಮೇಲೆ ಸಪ್ಪೆಯಾಗುತ್ತದೆ.

ಎರಡನೆಯದು ಉತ್ತರ ಕನ್ನಡದ ಅಪ್ಪೆಹುಳಿ. ಇದನ್ನು ಕುಡಿದ ಮೇಲೆ ಪನ್ನಾ ಮಾಡುವುದು ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ನಿಂತೇಹೋಗಿದೆ. ಸೊನೆಯ ಪರಿಮಳ ಇರುವ ಹುಳಿ ಕಾಯಿ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಯಾವುದಾದರೂ ಕಾಡುಮಾವು. ಸಿಪ್ಪೆ ಬಣ್ಣ ಬಿಟ್ಟು ಮೆತ್ತಗಾಗುವ ತನಕ ಬೇಯಿಸಿ, ಆರಿದ ಮೇಲೆ ಕೈಯಲ್ಲಿ ಕಿವುಚಿ, ಗೊರಟು ಸಿಪ್ಪೆ ಹಿಂಡಿ ತೆಗೆದು, ಒಂದು ಕಾಯಿಗೆ ಒಂದು ಲೀಟರಿನಷ್ಟು ನೀರು ಬಿಡಬೇಕು. ಉಪ್ಪು. ಆಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಸೂಜಿಮೆಣಸು, ಧಾರಾಳವಾಗಿ ಇಂಗು. ಒಗ್ಗರಣೆ ಚುಂಯ್ ಎಂದು ಬಿದ್ದ ಕೂಡಲೇ ಮುಚ್ಚಳ ಹಾಕಿ ಐದು ನಿಮಿಷ ಬಿಡಿ, ಇಂಗಿನ ಘಮ ನೀರಿಗಿಳಿಯಲಿ. ಬೆಲ್ಲ ಬೇಕೇ ಬೇಕು ಅನ್ನುವವರು ಒಂದು ಚೂರು ಹಾಕಿಕೊಳ್ಳಬಹುದು. ನಾನು ಹಾಕುವುದಿಲ್ಲ. ತೆಳ್ಳಗೆ, ಉಪ್ಪುಪ್ಪಾಗಿ, ಹುಳಿಯಾಗಿ ಗಂಟಲಿಳಿಯುತ್ತದೆ. ಲೋಟದ ಮೇಲೆ ಲೋಟ ಕುಡಿದರೂ ಹೊಟ್ಟೆ ಭಾರವಾಗುವುದಿಲ್ಲ. ಬೆವರಿನಲ್ಲಿ ಹೋದ ಉಪ್ಪೂ ಮರಳಿ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಂತೂ ಇದು ಪ್ರತಿದಿನ ಇರಬೇಕು, ರಕ್ತದೊತ್ತಡ ಇರುವವರು ಮಾತ್ರ ಉಪ್ಪು ನೋಡಿ ಹಾಕಿಕೊಳ್ಳಲಿ. ಮಧ್ಯಾಹ್ನದ ಊಟಕ್ಕೆ ಇದನ್ನು ಕುಡಿದರೆ ಒಳ್ಳೆಯ ನಿದ್ದೆ ಬರುತ್ತದೆ ಎಂದು ಆ ಕಡೆಯವರು ಹೇಳುವುದು ನನ್ನ ಅನುಭವದಲ್ಲೂ ನಿಜ.

ಮುರುಗಲು, ದಕ್ಷಿಣ ಕನ್ನಡದವರ ಪುನರ್ಪುಳಿ, ಅಪ್ಪೆಹುಳಿಗೆ ಸರಿಸಾಟಿಯಾಗಿ ನಿಲ್ಲುವ ಒಂದೇ ಒಂದು. ಪಶ್ಚಿಮ ಘಟ್ಟದ ಈ ಹಣ್ಣು ಏಪ್ರಿಲ್, ಮೇನಲ್ಲಿ ಆಗುತ್ತದೆ. ಬೇಕಾದದ್ದು ಅದರ ಸಿಪ್ಪೆ. ಒಣಗಿಸಿದ ಸಿಪ್ಪೆ ಒಂದು ಹಿಡಿ ತೆಗೆದು ಉಗುರುಬೆಚ್ಚಗಿನ ನೀರಲ್ಲಿ ಒಂದು ಗಂಟೆ ನೆನೆಸಿ ಕಿವುಚಿದರೆ ನೀರು ಕಡುಗೆಂಪಾಗುತ್ತದೆ, ಬೆರಳಿಗೂ ಬಣ್ಣ ಹತ್ತುತ್ತದೆ. ಸ್ಟೀಲು, ಗಾಜು ಅಥವಾ ಪಿಂಗಾಣಿ ಪಾತ್ರೆಯೇ ಆಗಬೇಕು. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಯನ್ನು ಇದರ ಹುಳಿ ತಿನ್ನುತ್ತದೆ. ಒಂದು ಲೀಟರಿಗೆ ಎರಡು ಮೂರು ದೊಡ್ಡ ಚಮಚ ಬೆಲ್ಲ, ಕಾಲು ಚಮಚ ಉಪ್ಪು, ಜೀರಿಗೆ ಪುಡಿ. ಇಷ್ಟು ಕಡಿಮೆ ಬೆಲ್ಲದಲ್ಲಿ ಇಷ್ಟು ತುಂಬಿದ ರುಚಿ ಕೊಡುವ ಇನ್ನೊಂದು ಹಣ್ಣು ನನಗೆ ಸಿಕ್ಕಿಲ್ಲ. ಬಾಟಲಿಯಲ್ಲಿ ಬರುವ ಸಿರಪ್ ಬೇರೆ ಸಂಗತಿ. ಅದರಲ್ಲಿ ಹಣ್ಣಿಗಿಂತ ಸಕ್ಕರೆಯೇ ಮುಂದಿರುತ್ತದೆ, ಎಷ್ಟು ನೀರು ಬೆರೆಸಿದರೂ ಸಿಹಿ ಮೊದಲು ನಾಲಿಗೆಗೆ ಬರುತ್ತದೆ.

ತಂಪಿನ ವಿಷಯದಲ್ಲಿ ಒಂದು ಮಾತು. ಐಸ್ ಹಾಕಿ ಕುಡಿದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ, ಅದಕ್ಕೇ ಬೆಲ್ಲ ಮತ್ತೆ ಮತ್ತೆ ಬೀಳುತ್ತದೆ. ಮಡಕೆಯ ನೀರಿನಲ್ಲಿ ಮಾಡಿದರೆ ಅರ್ಧ ಬೆಲ್ಲಕ್ಕೇ ರುಚಿ ಕೂಡುತ್ತದೆ. ನಾಲ್ಕನ್ನೂ ನಾನು ಹೋಲಿಸಿದ್ದು ಮಡಕೆ ನೀರಿನಲ್ಲೇ.

ಹಾಗಾಗಿ ಮಾವಿನಕಾಯಿ ಸಿಗುವಷ್ಟು ದಿನ ಮಧ್ಯಾಹ್ನಕ್ಕೆ ಅಪ್ಪೆಹುಳಿ, ಆಮೇಲೆ ಮುರುಗಲು. ವರ್ಷ ಪೂರ್ತಿ ಒಂದನ್ನೇ ಇಟ್ಟುಕೊಳ್ಳಿ ಎಂದರೆ ನಾನು ಮುರುಗಲನ್ನೇ ಆರಿಸುತ್ತೇನೆ, ಏಕೆಂದರೆ ಒಣ ಸಿಪ್ಪೆ ಗಾಳಿಯಾಡದ ಡಬ್ಬಿಯಲ್ಲಿ ಮುಂದಿನ ಬೇಸಿಗೆಯವರೆಗೂ ಕೆಡದೆ ಉಳಿಯುತ್ತದೆ. ಕೊಳ್ಳುವಾಗ ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಿ. ಕೆಲವು ಕಡೆ ಉಪ್ಪು ಹಾಕಿ ಒಣಗಿಸಿರುತ್ತಾರೆ, ಅಂಥದಾದರೆ ಪಾನಕಕ್ಕೆ ಬೇರೆ ಉಪ್ಪು ಹಾಕುವುದು ಬೇಡ.